ಚಹಾದ ಜೊತೆ ಥೈರಾಯ್ಡ್ ಗುಳಿಗೆ, ಇಳಿಯದ ಕೊಲೆಸ್ಟ್ರಾಲ್

ಪ್ರಶ್ನೆ: ನನಗೆ 43 ವರ್ಷ, ಗದಗ ತಾಲ್ಲೂಕಿನವಳು, ತೂಕ 66 ಕಿಲೋ. ಏಳೆಂಟು ತಿಂಗಳಿಂದ ವಿಪರೀತ ಸುಸ್ತು, ಮೀನಖಂಡದಲ್ಲಿ ಸೆಳೆತ, ಮುಟ್ಟಿನಲ್ಲಿ ರಕ್ತ ಬಹಳ ಹೋಗುತ್ತಿತ್ತು. ತಪಾಸಣೆ ಮಾಡಿಸಿದಾಗ ಟಿಎಸ್‌ಎಚ್ 46, ಫ್ರೀ ಟಿ4 0.5, ಒಟ್ಟು ಕೊಲೆಸ್ಟ್ರಾಲ್ 286, ಎಚ್‌ಡಿಎಲ್ 48, ಟ್ರೈಗ್ಲಿಸರೈಡ್ 215, ಎಲ್‌ಡಿಎಲ್ 195, ಹಿಮೋಗ್ಲೋಬಿನ್ 9.4 ಬಂತು. ಶುಗರ್, ಬಿಪಿ ಇಲ್ಲ. ಥೈರಾಯ್ಡ್ ಗುಳಿಗೆ 50 ಮೈಕ್ರೋಗ್ರಾಂ, ಜೊತೆಗೆ ಕಬ್ಬಿಣಾಂಶದ ಗುಳಿಗೆ ಕೊಟ್ಟರು. ಎರಡನ್ನೂ ಬೆಳಿಗ್ಗೆ ಚಹಾ ಕುಡಿಯುವಾಗ ಒಂದು ದಿನವೂ ತಪ್ಪದೆ ತಗೊಂಡಿದ್ದೇನೆ. ಮೂರು ತಿಂಗಳ ಮೇಲೆ ನೋಡಿದರೆ ಟಿಎಸ್‌ಎಚ್ 17, ಒಟ್ಟು ಕೊಲೆಸ್ಟ್ರಾಲ್ 259, ಎಚ್‌ಡಿಎಲ್ 47, ಟ್ರೈಗ್ಲಿಸರೈಡ್ 180, ಎಲ್‌ಡಿಎಲ್ 176. ಶೇಂಗಾ ಹಿಂಡಿ, ತುಪ್ಪ, ತತ್ತಿ ಎಲ್ಲ ಬಿಟ್ಟಿದ್ದೇನೆ. ಈಗ ಹುಬ್ಬಳ್ಳಿಯಲ್ಲಿ ತೋರಿಸಿದ ಇನ್ನೊಬ್ಬ ಡಾಕ್ಟರು ಅಟೋರ್ವಾಸ್ಟಾಟಿನ್ 20 ಬರೆದಿದ್ದಾರೆ. ಮೊದಲಿನವರು ‘ಸ್ವಲ್ಪ ತಡೀರಿ’ ಅಂತಾರೆ. ಒಮ್ಮೆ ಶುರುಮಾಡಿದರೆ ಸಾಯುವ ತನಕ ಬಿಡೋ ಹಾಗಿಲ್ಲ ಎಂದು ಓಣಿಯವರು ಹೆದರಿಸುತ್ತಾರೆ. ನಮ್ಮತ್ತೆ ಕ್ಯಾಬೀಜು, ಸಜ್ಜೆ ರೊಟ್ಟಿ ತಿನ್ನಬೇಡ ಅಂತಾರೆ. ಯಾರ ಮಾತು ಕೇಳಲಿ? ಇನ್ನೊಂದು, ಸೋಮವಾರ ಉಪವಾಸ ಇರುತ್ತೇನೆ. ಅವತ್ತು ಗುಳಿಗೆ ಬಿಡಬೇಕೇ?

ಉತ್ತರ: ಅರ್ಧ ಉತ್ತರವನ್ನು ನಿಮ್ಮ ಪತ್ರದಲ್ಲಿ ನೀವೇ ಬರೆದುಬಿಟ್ಟಿದ್ದೀರಿ. ‘ಎರಡನ್ನೂ ಬೆಳಿಗ್ಗೆ ಚಹಾ ಕುಡಿಯುವಾಗ’ ಎಂಬ ಸಾಲು ಅದು. ಒಂದು ದಿನವೂ ತಪ್ಪಿಸಿಲ್ಲ, ನಿಜ. ಆದರೆ ನುಂಗಿದ ಗುಳಿಗೆಯ ದೊಡ್ಡ ಪಾಲು ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗುತ್ತಿದೆ. ಅದಕ್ಕೇ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದಷ್ಟೂ ಏರುವ ಹಾರ್ಮೋನು) 17ಕ್ಕೆ ಬಂದು ನಿಂತಿದೆ, ಅದಕ್ಕೇ ಕೊಲೆಸ್ಟ್ರಾಲೂ ಅರೆಬರೆ ಇಳಿದು ನಿಂತಿದೆ. ಈ ಸ್ಥಿತಿಯಲ್ಲಿ ನಿಮ್ಮ ಮೊದಲಿನ ಡಾಕ್ಟರ ಮಾತು ಸರಿ: ಮೊದಲು ಥೈರಾಯ್ಡ್ ಹದಕ್ಕೆ ಬರಲಿ, ಆಮೇಲೆ ಕೊಲೆಸ್ಟ್ರಾಲ್ ನೋಡಿ, ಅದನ್ನು ಇಳಿಸುವ ಸ್ಟಾಟಿನ್ ಗುಳಿಗೆ (ನಿಮಗೆ ಬರೆದ ಅಟೋರ್ವಾಸ್ಟಾಟಿನ್ ಆ ಜಾತಿಯದು) ಬೇಕೋ ಬೇಡವೋ ತೀರ್ಮಾನಿಸೋಣ. ಹಾಗಂತ ಹುಬ್ಬಳ್ಳಿಯ ಡಾಕ್ಟರು ತಪ್ಪು ಮಾಡಿದರು ಎಂದೂ ಹೇಳಲಾರೆ. 176 ಎಂಬ ಎಲ್‌ಡಿಎಲ್ ಅಂಕಿಯನ್ನಷ್ಟೇ ಕಂಡವರು ಯಾರಾದರೂ ಅದನ್ನೇ ಬರೆಯುತ್ತಾರೆ. ನೀವು ಥೈರಾಯ್ಡ್ ರಿಪೋರ್ಟನ್ನೂ ಗುಳಿಗೆ ನುಂಗುವ ರೀತಿಯನ್ನೂ ಅವರಿಗೆ ಹೇಳಿದ್ದಿರಾ ಎಂಬುದು ಪತ್ರದಲ್ಲಿಲ್ಲ.

ಕುತ್ತಿಗೆಯ ಗ್ರಂಥಿಗೂ ರಕ್ತದ ಕೊಬ್ಬಿಗೂ ಏನು ನಂಟು ಎಂಬುದನ್ನು ಮೊದಲು ಹೇಳಬೇಕು. ಅದು ತಿಳಿಯದೆ ಹೋದರೆ ಶೇಂಗಾ ಹಿಂಡಿಯ ಮೇಲೆ ವೃಥಾ ಅಪವಾದ ನಿಲ್ಲುತ್ತದೆ.

ನಮ್ಮ ಮೈಯ ಕೊಲೆಸ್ಟ್ರಾಲಿನಲ್ಲಿ ಹೆಚ್ಚಿನ ಪಾಲು ತಟ್ಟೆಯಿಂದ ಬಂದದ್ದಲ್ಲ, ಮೈಯೇ ತಯಾರಿಸಿಕೊಂಡದ್ದು. ರಕ್ತದಲ್ಲಿ ಅದು ಎಲ್‌ಡಿಎಲ್ ಎಂಬ ಸಣ್ಣ ಕಣಗಳಲ್ಲಿ ತುಂಬಿಕೊಂಡು ಓಡಾಡುತ್ತದೆ. ಈ ಕಣಗಳನ್ನು ರಕ್ತದಿಂದ ಎಳೆದುಕೊಳ್ಳುವ ಮುಖ್ಯ ಕೆಲಸ ಯಕೃತ್ತಿನದು, ಅಂದರೆ ಲಿವರಿನದು. ಲಿವರ್ ಕೋಶದ ಮೈಮೇಲೆ ಎಲ್‌ಡಿಎಲ್ ರಿಸೆಪ್ಟರ್ ಎಂಬ ಕೊಕ್ಕೆಗಳಿರುತ್ತವೆ. ಕಣ ಅದಕ್ಕೆ ಸಿಕ್ಕಿತೆಂದರೆ ಕೋಶ ಅದನ್ನು ಒಳಗೆ ಎಳೆದುಕೊಂಡು ಒಡೆಯುತ್ತದೆ. ಈ ಕೊಕ್ಕೆಯನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಕೊಕ್ಕೆಗಳನ್ನು ಸಾಕಷ್ಟು ತಯಾರಿಸು ಎಂದು ಲಿವರಿಗೆ ಅಪ್ಪಣೆ ಕೊಡುವವುಗಳಲ್ಲಿ ಥೈರಾಯ್ಡಿನ ಟಿ3 ಹಾರ್ಮೋನೂ ಒಂದು. ಟಿ3 ಕಡಿಮೆಯಾದರೆ ಕೊಕ್ಕೆ ಕಡಿಮೆ. ಕೊಕ್ಕೆ ಕಡಿಮೆಯಾದರೆ ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಿರುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟನ್ನು ನೆನೆಸಿಕೊಳ್ಳಿ. ಸುಗ್ಗಿಯ ಒಂದು ದಿನ ಆವಕ ತುಸು ಕಡಿಮೆಯೇ ಇದೆ ಅನ್ನೋಣ. ಆದರೆ ಹಮಾಲರಲ್ಲಿ ಅರ್ಧಕ್ಕರ್ಧ ಜನ ಬಂದಿಲ್ಲ. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಚೀಲ ಒಟ್ಟಿಬಿಡುತ್ತವೆ. ನೋಡಿದವರು ‘ಏನ್ ಮಾಲ್ ಬಂದೈತಿ ಇವತ್ತು’ ಅಂತಾರೆ. ಬಂದದ್ದು ಹೆಚ್ಚಲ್ಲ, ಎತ್ತುವವರು ಇಲ್ಲ, ಅಷ್ಟೇ. ಥೈರಾಯ್ಡ್ ಕಡಿಮೆಯಾದವರ ರಕ್ತದಲ್ಲಿ ಆಗುವುದೂ ಇದೇ. ಮೈ ಕೊಲೆಸ್ಟ್ರಾಲ್ ತಯಾರಿಸುವುದೂ ವಾಸ್ತವದಲ್ಲಿ ಸ್ವಲ್ಪ ತಗ್ಗಿರುತ್ತದೆ, ಆದರೆ ಎತ್ತಿ ಸಾಗಿಸುವುದು ಅದಕ್ಕಿಂತ ಹೆಚ್ಚು ತಗ್ಗಿರುತ್ತದೆ. ಮಾಲು ಕಡಿಮೆ ಮಾಡಲು ನೀವು ತುಪ್ಪ, ತತ್ತಿ ಬಿಟ್ಟಿರಿ. ಕೊರತೆ ಇದ್ದದ್ದು ಹಮಾಲರದು.

ಇನ್ನೆರಡು ದಾರಿಗಳೂ ಇವೆ. ಲಿವರ್ ಕೊಲೆಸ್ಟ್ರಾಲನ್ನು ಪಿತ್ತವಾಗಿ ಮಾರ್ಪಡಿಸಿ ಕರುಳಿಗೆ ಬಿಡುತ್ತದೆ. ಥೈರಾಯ್ಡ್ ಕಡಿಮೆಯಾದಾಗ ಆ ಕೆಲಸವೂ ನಿಧಾನ. ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬನ್ನು ಒಡೆಯುವ ಕಿಣ್ವ, ಲೈಪೋಪ್ರೋಟೀನ್ ಲೈಪೇಸ್, ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡಿರುತ್ತದೆ. ಅದರ ಚುರುಕೂ ತಗ್ಗುತ್ತದೆ. ನಿಮ್ಮ ಟ್ರೈಗ್ಲಿಸರೈಡ್ 215 ಆಗಿದ್ದರಲ್ಲಿ ಇದರ ಕೈಯೂ ಇದೆ. ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಸಾಮಾನ್ಯವಾಗಿ ಇದ್ದಷ್ಟೇ ಇರುತ್ತದೆ ಅಥವಾ ಸ್ವಲ್ಪ ಏರುತ್ತದೆ, ಅದನ್ನು ನೋಡಿ ಸಮಾಧಾನಪಡಬೇಕಿಲ್ಲ.

ಈ ನಂಟು ಹೊಸ ಶೋಧವಲ್ಲ. ಟಿಎಸ್‌ಎಚ್ ಅಳೆಯುವ ವಿಧಾನ ಇನ್ನೂ ಇಲ್ಲದ ಕಾಲದಲ್ಲಿ, 1930ರ ದಶಕದಿಂದಲೇ, ಥೈರಾಯ್ಡ್ ಕಡಿಮೆಯೋ ಹೆಚ್ಚೋ ಎಂದು ಊಹಿಸಲು ವೈದ್ಯರು ಕೊಲೆಸ್ಟ್ರಾಲನ್ನೂ ಒಂದು ಸುಳಿವಾಗಿ ನೋಡುತ್ತಿದ್ದರು. ಆದ್ದರಿಂದಲೇ ಇವತ್ತಿಗೂ ಒಂದು ನಿಯಮ ಇದೆ: ಯಾರಿಗಾದರೂ ಹೊಸದಾಗಿ ಕೊಲೆಸ್ಟ್ರಾಲ್ ಹೆಚ್ಚು ಕಂಡರೆ ಸ್ಟಾಟಿನ್ ಬರೆಯುವ ಮುನ್ನ ಒಂದು ಟಿಎಸ್‌ಎಚ್ ಮಾಡಿಸಬೇಕು. ಎಷ್ಟೋ ಕಡೆ ಅದು ಮರೆತುಹೋಗುತ್ತದೆ. ನಿಮ್ಮಲ್ಲಿ ಮರೆಯಲಿಲ್ಲ, ಅದು ಒಳ್ಳೆಯದಾಯಿತು.

ಇನ್ನು ಗುಳಿಗೆಯ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಗದಗ, ಹಾವೇರಿ, ಹುಬ್ಬಳ್ಳಿ ಕಡೆ ಥೈರಾಯ್ಡ್ ಹದಕ್ಕೆ ಬಾರದೆ ಒದ್ದಾಡುವವರಲ್ಲಿ ಡೋಸಿಗಿಂತ ಹೆಚ್ಚಾಗಿ ಕೆಡುವುದು ಇದೇ.

ಲೀವೋಥೈರಾಕ್ಸಿನ್, ಅಂದರೆ ನಿಮ್ಮ ಥೈರಾಯ್ಡ್ ಗುಳಿಗೆ, ಬಹಳ ನಾಜೂಕಿನ ಔಷಧ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿದರೆ ಹತ್ತರಲ್ಲಿ ಏಳೆಂಟು ಪಾಲು ಸಣ್ಣ ಕರುಳಿನಲ್ಲಿ ಹೀರಿಕೆಯಾಗುತ್ತದೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಆ ಪಾಲು ತಗ್ಗುತ್ತದೆ. ಚಹಾ, ಕಾಫಿ ಎರಡೂ ಅದನ್ನು ತಡೆಯುತ್ತವೆ, ಚಹಾದೊಳಗಿನ ಹಾಲಿನ ಕ್ಯಾಲ್ಸಿಯಂ ಕೂಡ. ಎಲ್ಲಕ್ಕಿಂತ ಕೆಟ್ಟ ಜೋಡಿ ಕಬ್ಬಿಣದ ಗುಳಿಗೆ. ಕಬ್ಬಿಣವೂ ಥೈರಾಕ್ಸಿನ್ನೂ ಹೊಟ್ಟೆಯಲ್ಲಿ ಒಂದಕ್ಕೊಂದು ಗಂಟುಬಿದ್ದು ಕರಗದ ಮುದ್ದೆಯಾಗುತ್ತವೆ. ನೀವು ಮೂರು ತಿಂಗಳು ದಿನಾ ಬೆಳಿಗ್ಗೆ ಈ ಎರಡನ್ನೂ ಒಟ್ಟಿಗೆ, ಅದೂ ಚಹಾದೊಂದಿಗೆ ನುಂಗಿದ್ದೀರಿ. ಇಷ್ಟಾಗಿಯೂ ಟಿಎಸ್‌ಎಚ್ 46ರಿಂದ 17ಕ್ಕೆ ಇಳಿದಿದೆ ಎಂದರೆ ಗುಳಿಗೆ ಕೆಲಸ ಮಾಡುವ ಸಾಮರ್ಥ್ಯದ್ದೇ, ದಾರಿ ಬಿಟ್ಟರೆ ಸಾಕು.

ನಿಮ್ಮ ಪತ್ರದ ಇನ್ನೊಂದು ಎಳೆಯೂ ಇದಕ್ಕೇ ಸೇರುತ್ತದೆ. ಥೈರಾಯ್ಡ್ ಕಡಿಮೆಯಾದರೆ ಮುಟ್ಟಿನ ಸ್ರಾವ ಹೆಚ್ಚುವುದುಂಟು. ಸ್ರಾವ ಹೆಚ್ಚಿದ್ದರಿಂದ ಹಿಮೋಗ್ಲೋಬಿನ್ 9.4ಕ್ಕೆ ಇಳಿದಿರಬೇಕು. ಅದಕ್ಕೆ ಕಬ್ಬಿಣದ ಗುಳಿಗೆ ಬಂತು. ಕಬ್ಬಿಣದ ಗುಳಿಗೆ ಥೈರಾಯ್ಡ್ ಗುಳಿಗೆಯನ್ನು ತಡೆಯಿತು. ಥೈರಾಯ್ಡ್ ಹದಕ್ಕೆ ಬಾರದೆ ಸ್ರಾವ ಮುಂದುವರಿಯಿತು. ಒಂದರ ಬಾಲ ಇನ್ನೊಂದರ ಬಾಯಲ್ಲಿ. ಎರಡೂ ಗುಳಿಗೆ ನಿಮಗೆ ಬೇಕೇ ಬೇಕು, ಬೇಡವಾದದ್ದು ಅವುಗಳ ಸಹವಾಸ ಮಾತ್ರ. ಸ್ರಾವ ಇನ್ನೂ ಹೆಚ್ಚೇ ಇದ್ದರೆ ಎಲ್ಲವನ್ನೂ ಥೈರಾಯ್ಡಿನ ತಲೆಗೆ ಕಟ್ಟದೆ ಸ್ತ್ರೀರೋಗ ತಜ್ಞರಿಗೂ ಒಮ್ಮೆ ತೋರಿಸಿ. ಈ ವಯಸ್ಸಿನಲ್ಲಿ ಗರ್ಭಕೋಶದ ಗಡ್ಡೆಯೂ ಕಾರಣವಿರಬಹುದು.

ನಾಳೆಯಿಂದ ಹೀಗೆ ಮಾಡಿ. ರಾತ್ರಿ ಮಲಗುವಾಗ ಹಾಸಿಗೆ ಪಕ್ಕದಲ್ಲಿ ನೀರಿನ ತಂಬಿಗೆ, ಥೈರಾಯ್ಡ್ ಗುಳಿಗೆಯ ಡಬ್ಬಿ ಇಟ್ಟುಕೊಳ್ಳಿ. ನಸುಕಿನಲ್ಲಿ ಎದ್ದ ಕೂಡಲೇ, ಒಲೆಯ ಕಡೆ ಹೋಗುವ ಮುಂಚೆಯೇ, ಬರೀ ನೀರಿನೊಂದಿಗೆ ನುಂಗಿ. ಕಸ, ಅಂಗಳ, ನೀರು ತುಂಬುವುದು ಎಲ್ಲ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ತಾನಾಗಿ ಕಳೆಯುತ್ತದೆ. ಆಮೇಲೆ ಚಹಾ. ಕನಿಷ್ಠ ಅರ್ಧ ಗಂಟೆ ಅಂತರ ಬೇಕು, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಕಬ್ಬಿಣದ ಗುಳಿಗೆಗೆ ನಾಲ್ಕು ಗಂಟೆ ಅಂತರ. ಮಧ್ಯಾಹ್ನ ಊಟದ ಹೊತ್ತಿಗೆ ಇಟ್ಟುಕೊಂಡರೆ ಅದೂ ಸರಿಹೋಗುತ್ತದೆ. ಕ್ಯಾಲ್ಸಿಯಂ ಗುಳಿಗೆಗೂ ಇದೇ ಲೆಕ್ಕ. ಎದೆಯುರಿ, ಗ್ಯಾಸಿಗೆಂದು ಕುಡಿಯುವ ಗುಲಾಬಿ ಬಣ್ಣದ ಔಷಧವೂ ಅಂಥದ್ದೇ, ದೂರ ಇಡಿ. ಬೆಳಗಿನ ಚಹಾ ತಡಮಾಡುವುದು ಮನೆಯಲ್ಲಿ ಆಗದ ಮಾತು ಎನ್ನುವವರು ರಾತ್ರಿ ಮಲಗುವಾಗ ನುಂಗಬಹುದು, ಆದರೆ ಊಟವಾಗಿ ಮೂರು ಗಂಟೆ ಕಳೆದಿರಬೇಕು. ಒಂಬತ್ತಕ್ಕೆ ಉಂಡು ಒಂಬತ್ತೂವರೆಗೆ ಮಲಗುವ ಮನೆಗಳಲ್ಲಿ ಇದು ಕೂಡಿಬರುವುದಿಲ್ಲ.

ಡಬ್ಬಿಯ ವಿಷಯ ಸಣ್ಣದೆನಿಸಬಹುದು, ಸಣ್ಣದಲ್ಲ. ಈ ಗುಳಿಗೆಗೆ ಬಿಸಿಲು, ಕಾವು, ತೇವ ಮೂರೂ ಆಗದು. ನಮ್ಮ ಕಡೆಯ ಬೇಸಿಗೆಯಲ್ಲಿ ಒಲೆ ಮೇಲಿನ ಕಪಾಟು, ಕಿಟಕಿ ಕಟ್ಟೆ ಎರಡೂ ಅದಕ್ಕೆ ಶತ್ರು. ಬಂದ ಡಬ್ಬಿಯಲ್ಲೇ ಇಟ್ಟು, ಒಳಗಿನ ತೇವ ಹೀರುವ ಸಣ್ಣ ಪೊಟ್ಟಣವನ್ನು ತೆಗೆದುಹಾಕದೆ, ಮುಚ್ಚಳ ಬಿಗಿಯಾಗಿ ಹಾಕಿ ಮನೆಯ ತಂಪು ಕೋಣೆಯಲ್ಲಿಡಿ. ಒಂದು ಕಂಪನಿಯ ಗುಳಿಗೆಗೆ ಹೊಂದಿಕೊಂಡ ಮೇಲೆ ಅದನ್ನೇ ಮುಂದುವರಿಸುವುದು ಒಳ್ಳೆಯದು. ಅಂಗಡಿಯವರು ‘ಅದು ಇಲ್ಲ, ಇದು ಅದೇ’ ಎಂದು ಬೇರೆ ಕೊಟ್ಟರೆ ತಗೊಳ್ಳಿ, ಬರಿಗೈಲಿ ಬರುವುದಕ್ಕಿಂತ ಅದು ಮೇಲು. ಆದರೆ ಆರು ವಾರ ಬಿಟ್ಟು ಟಿಎಸ್‌ಎಚ್ ನೋಡಿಸಿ.

ಡೋಸಿನ ಬಗ್ಗೆ ಒಂದು ಎಚ್ಚರ ಇದೆ. ಗ್ರಂಥಿ ಪೂರ್ತಿ ಸೋತವರಿಗೆ ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. ನಿಮ್ಮ 66 ಕಿಲೋಗೆ ಅದು 100ರ ಆಸುಪಾಸು. ಹಾಗಾಗಿ 50ರಿಂದ ಮುಂದೆ ಹೋಗಬೇಕಾಗುವ ಸಂಭವವೇ ಹೆಚ್ಚು. ಆದರೆ ನುಂಗುವ ರೀತಿ ತಿದ್ದುವುದನ್ನೂ ಡೋಸ್ ಏರಿಸುವುದನ್ನೂ ಒಂದೇ ವಾರ ಮಾಡಿದರೆ ಯಾವುದು ಎಷ್ಟು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ. ಇನ್ನೂ ತೊಡಕು ಬರುವುದು ಹೀಗೆ: ಚಹಾದ ಸಂಗತಿ ಗೊತ್ತಿಲ್ಲದ ಡಾಕ್ಟರು ‘ಇಳಿಯುತ್ತಿಲ್ಲ’ ಎಂದು 75, 100, 125 ಎಂದು ಏರಿಸುತ್ತಾ ಹೋಗುತ್ತಾರೆ. ಯಾವತ್ತೋ ಒಂದು ದಿನ ರೋಗಿ ಖಾಲಿ ಹೊಟ್ಟೆಯಲ್ಲಿ ನುಂಗಲು ಶುರುಮಾಡುತ್ತಾರೆ. ಅಷ್ಟೂ ಒಳಗೆ ಹೋಗಿ ಎದೆ ಬಡಿತ, ಕೈ ನಡುಕ, ನಿದ್ದೆಗೇಡು ಶುರುವಾಗುತ್ತದೆ. ಹೆಚ್ಚಿನ ಡೋಸು ವರ್ಷಗಟ್ಟಲೆ ನಡೆದರೆ ಹೃದಯದ ಲಯ ತಪ್ಪಬಹುದು, ಎಲುಬು ಸವೆಯಬಹುದು. ಅದಕ್ಕೆ ಮೊದಲಿನ ಡಾಕ್ಟರ ಹತ್ತಿರ ಹೋಗಿ ‘ಇಷ್ಟು ದಿನ ಚಹಾ, ಕಬ್ಬಿಣದ ಜೊತೆ ತಗೊಂಡೆ’ ಎಂದು ಬಾಯಿಬಿಟ್ಟು ಹೇಳಿ. ಸಂಕೋಚ ಬೇಡ. ಡೋಸು ಅವರೇ ನಿರ್ಧರಿಸಲಿ.

ಥೈರಾಕ್ಸಿನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ತೆಗೆದುಕೊಳ್ಳುತ್ತದೆ. ಹಾಗಾಗಿ ಯಾವುದೇ ಬದಲಾವಣೆ ಮಾಡಿದ ಮೇಲೆ ಆರರಿಂದ ಎಂಟು ವಾರ ಕಳೆಯದೆ ಟಿಎಸ್‌ಎಚ್ ನೋಡಿದರೆ ಆ ಅಂಕಿ ಹಾದಿಯಲ್ಲಿರುವ ಬಸ್ಸಿನ ಫೋಟೋ ಇದ್ದಂತೆ. ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಹೇಳುವುದಿಲ್ಲ. ತಪಾಸಣೆಯ ದಿನ ರಕ್ತ ಕೊಟ್ಟು ಬಂದ ಮೇಲೆ ಗುಳಿಗೆ ನುಂಗಿ, ಇಲ್ಲದಿದ್ದರೆ ಫ್ರೀ ಟಿ4 (ರಕ್ತದಲ್ಲಿನ ಥೈರಾಕ್ಸಿನ್) ಕೆಲವು ಗಂಟೆ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ ಗುಳಿಗೆ ತಿನ್ನುವವರಿದ್ದರೆ ಎರಡು ದಿನ ಮೊದಲೇ ನಿಲ್ಲಿಸಬೇಕು. ಎಷ್ಟೋ ಲ್ಯಾಬಿನ ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ.

ಕೊಲೆಸ್ಟ್ರಾಲ್ ರಿಪೋರ್ಟನ್ನು ಓದುವುದನ್ನೂ ಕಲಿತುಕೊಳ್ಳಿ, ಕಷ್ಟವಿಲ್ಲ. ಬಹಳಷ್ಟು ಲ್ಯಾಬುಗಳಲ್ಲಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆಯಿರಿ. ನಿಮ್ಮ ಎರಡನೇ ರಿಪೋರ್ಟು: 259ರಲ್ಲಿ 47 ಹೋದರೆ 212, ಅದರಲ್ಲಿ 36 ಹೋದರೆ 176. ಸರಿಯಾಗಿದೆ. ಟ್ರೈಗ್ಲಿಸರೈಡ್ 400 ದಾಟಿದಾಗ ಈ ಲೆಕ್ಕ ಕೈಕೊಡುತ್ತದೆ. ಮದುವೆ ಮನೆಯಲ್ಲಿ ಉಂಡ ಮರುದಿನ ರಕ್ತ ಕೊಟ್ಟು ಗಾಬರಿಯಾಗುವವರು ಬಹಳ. ಟ್ರೈಗ್ಲಿಸರೈಡ್ ಊಟಕ್ಕೆ ತಕ್ಕಂತೆ ಕುಣಿಯುತ್ತದೆ, ಎಲ್‌ಡಿಎಲ್ ಅಷ್ಟು ಕುಣಿಯುವುದಿಲ್ಲ.

ಈಗ ಸ್ಟಾಟಿನ್. ‘ಸ್ವಲ್ಪ ತಡೀರಿ’ ಎನ್ನುವುದಕ್ಕೆ ಎರಡು ಕಾರಣ. ಮೊದಲನೆಯದು, ಬೇಡವಾಗಬಹುದು. ಥೈರಾಯ್ಡ್ ಇಷ್ಟು ಕಡಿಮೆಯಾಗಿದ್ದವರಲ್ಲಿ ಟಿಎಸ್‌ಎಚ್ ಹದಕ್ಕೆ ಬಂದ ಮೇಲೆ ಎಲ್‌ಡಿಎಲ್ ಚೆನ್ನಾಗಿಯೇ ಇಳಿಯುತ್ತದೆ. ಎಷ್ಟು ಎಂಬುದು ಪ್ರತಿಯೊಬ್ಬರಲ್ಲೂ ಬೇರೆ. ಮೊದಲಿನಿಂದಲೂ ಕೊಲೆಸ್ಟ್ರಾಲ್ ಹೆಚ್ಚಿದ್ದವರಲ್ಲಿ ಪೂರ್ತಿ ಇಳಿಯದೆಯೂ ಇರಬಹುದು. ಎರಡನೆಯ ಕಾರಣ ಸ್ನಾಯುಗಳದು. ಥೈರಾಯ್ಡ್ ಕಡಿಮೆಯಾದಾಗಲೇ ಸ್ನಾಯು ನೋವು, ಸೆಳೆತ ಇರುತ್ತದೆ. ನಿಮ್ಮ ಮೀನಖಂಡದ ಸೆಳೆತ ಅದೇ ಇರಬಹುದು. ಸಿಪಿಕೆ ಎಂಬ ಸ್ನಾಯು ಕಿಣ್ವವೂ ರಕ್ತದಲ್ಲಿ ಹೆಚ್ಚಿರುತ್ತದೆ. ಆ ಹೊತ್ತಿನಲ್ಲಿ ಸ್ಟಾಟಿನ್ ಸೇರಿಸಿದರೆ ಸ್ನಾಯುಗಳಿಗೆ ತೊಂದರೆಯಾಗುವ ಸಾಧ್ಯತೆ ಹೆಚ್ಚು. ತೀರ ಅಪರೂಪಕ್ಕೆ ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳುವುದುಂಟು. ಅಷ್ಟು ಆಗದಿದ್ದರೂ ಇನ್ನೊಂದು ಅನ್ಯಾಯ ಆಗುತ್ತದೆ: ಥೈರಾಯ್ಡಿನ ನೋವನ್ನು ಸ್ಟಾಟಿನ್ ತಲೆಗೆ ಕಟ್ಟಿ, ‘ನನಗೆ ಆ ಗುಳಿಗೆ ಆಗಲ್ಲ’ ಎಂದು ಬರೆಸಿಕೊಂಡು, ಮುಂದೆ ನಿಜವಾಗಿ ಬೇಕಾದಾಗ ಅದನ್ನು ಮುಟ್ಟದವರು ಬಹಳ ಜನ ಇದ್ದಾರೆ.

ಈಗಾಗಲೇ ನುಂಗಲು ಶುರುಮಾಡಿದ್ದರೆ ಹೆದರಬೇಕಿಲ್ಲ. ಹೊಸ ನೋವು, ಸೋಲು ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಹೇಳಿ, ಸಿಪಿಕೆ ನೋಡಬಹುದು. ತೊಡೆ, ಭುಜ ಎತ್ತಲಾರದಷ್ಟು ಸೋತರೆ ಅಥವಾ ಮೂತ್ರ ಕಡು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ಗುಳಿಗೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ತಡೆಯಲು ಎಲ್ಲರಿಗೂ ಹೇಳುವುದಿಲ್ಲ, ಇದನ್ನು ಗಮನಿಸಿ. ಹೃದಯಾಘಾತ, ಪಾರ್ಶ್ವವಾಯು ಆದವರು, ಸ್ಟೆಂಟ್ ಹಾಕಿಸಿಕೊಂಡವರು ಥೈರಾಯ್ಡ್ ಕಡಿಮೆ ಎಂದು ಸ್ಟಾಟಿನ್ ನಿಲ್ಲಿಸಬಾರದು. ಸಕ್ಕರೆ ಕಾಯಿಲೆ ಇರುವ ನಲವತ್ತು ದಾಟಿದವರಿಗೆ ಎಲ್‌ಡಿಎಲ್ ಎಷ್ಟೇ ಇರಲಿ, ಸಾಮಾನ್ಯವಾಗಿ ಸ್ಟಾಟಿನ್ ಬೇಕೇ ಆಗುತ್ತದೆ. ಅಂಥವರಲ್ಲಿ ಎರಡನ್ನೂ ಜೊತೆಯಲ್ಲೇ, ಕಡಿಮೆ ಡೋಸಿನಿಂದ, ಕಣ್ಣಿಟ್ಟು ನಡೆಸುತ್ತಾರೆ. ಹೃದಯದ ತೊಂದರೆ ಇರುವವರಿಗೆ ಥೈರಾಯ್ಡ್ ಗುಳಿಗೆಯನ್ನೂ 12.5 ಅಥವಾ 25ರಿಂದ ನಿಧಾನವಾಗಿ ಏರಿಸಬೇಕು, ಒಮ್ಮೆಲೇ ಕೊಟ್ಟರೆ ಎದೆನೋವು ಬರಬಹುದು. ನಿಮಗೆ ಇವು ಯಾವುವೂ ಇಲ್ಲ. ಕೆಲವು ತಿಂಗಳು ಕಾದರೆ ನಷ್ಟವಿಲ್ಲ.

ಟಿಎಸ್‌ಎಚ್ ಹದಕ್ಕೆ ಬಂದು, ಅಂದರೆ ಸುಮಾರು 0.4ರಿಂದ 4.5ರ ಒಳಗೆ ನಿಂತು, ಆರೆಂಟು ವಾರ ಕಳೆದ ಮೇಲೆ ಲಿಪಿಡ್ (ಕೊಲೆಸ್ಟ್ರಾಲ್) ತಪಾಸಣೆ ಮತ್ತೆ ಮಾಡಿಸಿ. ಅವತ್ತಿನ ಎಲ್‌ಡಿಎಲ್ಲೇ ನಿಮ್ಮ ನಿಜವಾದ ಎಲ್‌ಡಿಎಲ್. ಅದು 130ರ ಕೆಳಗಿದ್ದರೆ, ಬೇರೆ ಅಪಾಯವಿಲ್ಲದ ನಿಮ್ಮಂಥವರಿಗೆ ಊಟ, ನಡಿಗೆ ಸಾಕಾಗಬಹುದು. 130ರಿಂದ 190ರ ನಡುವೆ ಇದ್ದರೆ ಬಿಪಿ, ತೂಕ, ಮನೆತನದ ಇತಿಹಾಸ ಎಲ್ಲ ಕೂಡಿಸಿ ಡಾಕ್ಟರೊಂದಿಗೆ ಕೂತು ಮಾತಾಡುವ ವಿಷಯ. ಥೈರಾಯ್ಡ್ ಸರಿಯಾದ ಮೇಲೂ 190 ದಾಟಿದ್ದರೆ ಅದು ಬೇರೆಯೇ ಕಥೆ. ಹುಟ್ಟಿನಿಂದಲೇ ಕೊಕ್ಕೆ ಕಡಿಮೆ ಇರುವ ಆನುವಂಶಿಕ ತೊಂದರೆ ಇರಬಹುದು. ಆಗ ಸ್ಟಾಟಿನ್ ಬಿಟ್ಟು ಗತಿಯಿಲ್ಲ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳ ಕೊಲೆಸ್ಟ್ರಾಲನ್ನೂ ನೋಡಿಸಬೇಕು. ತಂದೆ ಅಥವಾ ಅಣ್ಣತಮ್ಮರಿಗೆ 55ರ ಒಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹೃದಯಾಘಾತ ಆಗಿತ್ತೇ ಎಂದು ಈಗಲೇ ತವರಿಗೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬ ಸಣ್ಣ ಪರೀಕ್ಷೆಯನ್ನೂ ಸೇರಿಸಿ, ಕಿಡ್ನಿಯ ಒಂದು ಕಾಯಿಲೆಯಲ್ಲೂ ಕೊಲೆಸ್ಟ್ರಾಲ್ ಹೀಗೇ ಏರುತ್ತದೆ.

ಓಣಿಯವರ ‘ಸಾಯುವ ತನಕ’ ಎಂಬ ಮಾತಿನಲ್ಲಿ ಎರಡು ಬೇರೆ ಗುಳಿಗೆಗಳು ಕಲಸಿಹೋಗಿವೆ. ಥೈರಾಯ್ಡ್ ಗುಳಿಗೆ ನಿಮಗೆ ಬಹುತೇಕ ಜೀವನಪೂರ್ತಿ ಬೇಕಾಗುತ್ತದೆ. ಅಯೋಡಿನ್ ಉಪ್ಪು ಬಂದಿರುವ ನಾಡಿನಲ್ಲಿ ಈ ವಯಸ್ಸಿನವರ ಕೊರತೆಗೆ ಸಾಮಾನ್ಯ ಕಾರಣ ಹಶಿಮೋಟೊ ಕಾಯಿಲೆ. ಮೈಯ ರಕ್ಷಣಾ ಪಡೆ ತನ್ನದೇ ಗ್ರಂಥಿಯನ್ನು ಸವೆಸುವುದು ಅದು. ಜಪಾನಿನ ವೈದ್ಯ ಹಶಿಮೋಟೊ ಅದನ್ನು 1912ರಲ್ಲಿ ವಿವರಿಸಿದರು. ಅದನ್ನು ತೋರಿಸುವ ಟಿಪಿಒ ಆಂಟಿಬಾಡಿ ಪರೀಕ್ಷೆ ಒಮ್ಮೆ ಮಾಡಿಸಿದರೆ ಸಾಕು, ಪದೇ ಪದೇ ಮಾಡಿಸಿ ದುಡ್ಡು ಕಳೆಯಬೇಡಿ. ಗ್ರಂಥಿ ಕೊಡಬೇಕಾದದ್ದನ್ನೇ ಗುಳಿಗೆ ಕೊಡುತ್ತದೆ, ಇದು ಚಟವಲ್ಲ. ಸ್ಟಾಟಿನ್ ಬಿಟ್ಟರೂ ಮೈಗೆ ಏನೂ ‘ತಿರುಗಿ ಬೀಳುವುದಿಲ್ಲ’. ಕೊಲೆಸ್ಟ್ರಾಲ್ ಮೊದಲಿದ್ದಲ್ಲಿಗೆ ಮರಳುತ್ತದೆ, ಅಷ್ಟೇ. ಬೇಕಿರುವವರು ಅದಕ್ಕಾಗಿಯೇ ಮುಂದುವರಿಸುತ್ತಾರೆ.

ಊಟಕ್ಕೆ ಬರೋಣ. ಶೇಂಗಾದಲ್ಲಿ ಕೊಲೆಸ್ಟ್ರಾಲ್ ಎಂಬುದೇ ಇಲ್ಲ, ಯಾವ ಕಾಳು, ಬೀಜದಲ್ಲೂ ಇರುವುದಿಲ್ಲ. ಅದರ ಎಣ್ಣೆಯೂ ಬಹುಪಾಲು ಒಳ್ಳೆಯ ಜಾತಿಯದು. ಜೋಳದ ರೊಟ್ಟಿಗೆ ಎರಡು ಚಮಚ ಹಿಂಡಿ ಮತ್ತೆ ಶುರುಮಾಡಿ. ವಾರಕ್ಕೆ ಮೂರು ನಾಲ್ಕು ತತ್ತಿಗೂ ಅಡ್ಡಿಯಿಲ್ಲ, ರಕ್ತ ಕಡಿಮೆಯಾದ ನಿಮಗೆ ಅದರ ಪ್ರೋಟೀನ್ ಬೇಕು. ತುಪ್ಪ ದಿನಕ್ಕೆ ಒಂದು ಚಮಚ ದಾಟದಿರಲಿ. ಬಿಡಬೇಕಾದದ್ದು ಡಾಲ್ಡಾ, ಬೇಕರಿಯ ಖಾರಿ, ಮತ್ತು ಅದೇ ಎಣ್ಣೆಯಲ್ಲಿ ಮೂರು ದಿನ ಕರಿದ ಮಿರ್ಚಿ ಭಜಿ. ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಎರಡೂ ಸರಿಯೇ, ಒಂದರ ಬದಲು ಇನ್ನೊಂದು ಬಳಸುತ್ತಿರಿ; ತಲೆಗೆ ತಿಂಗಳಿಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಒಳಗೆ ನಿಲ್ಲಿಸಿ. ಟ್ರೈಗ್ಲಿಸರೈಡಿಗೆ ಎಣ್ಣೆಗಿಂತ ದೊಡ್ಡ ಶತ್ರು ಸಕ್ಕರೆ. ದಿನಕ್ಕೆ ಐದು ಸಲ ಸಿಹಿ ಚಹಾ, ಅದರ ಜೊತೆ ಬಿಸ್ಕೀಟು, ಮೇಲೆ ಪೇಢಾ ಎಂದು ಲೆಕ್ಕ ಹಾಕಿದರೆ ಎಲ್ಲಿ ಕತ್ತರಿ ಹಾಕಬೇಕೆಂದು ನಿಮಗೇ ಕಾಣುತ್ತದೆ.

ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ ಎಂದು ಅವರಿಗೂ ಹೇಳಿ, ಮನೆಯಲ್ಲಿ ಶಾಂತಿ ಇರಲಿ. ಕ್ಯಾಬೀಜು, ಹೂಕೋಸಿನಲ್ಲೂ ಸಜ್ಜೆಯಲ್ಲೂ ಥೈರಾಯ್ಡಿನ ಕೆಲಸಕ್ಕೆ ಅಡ್ಡಬರುವ ಅಂಶಗಳಿವೆ. ಸುಡಾನಿನ ಡಾರ್ಫುರ್ ಪ್ರದೇಶದಲ್ಲಿ ಸಜ್ಜೆಯೇ ಮುಖ್ಯ ಆಹಾರವಾಗಿ, ಅಯೋಡಿನ್ನೂ ಕಡಿಮೆಯಿದ್ದಲ್ಲಿ ಗಳಗಂಡಕ್ಕೆ ಅದು ಕೈಜೋಡಿಸಿದ್ದನ್ನು ಸಂಶೋಧಕರು ಗುರುತಿಸಿದ್ದಾರೆ. ಆದರೆ ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿನ್ನುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಅಯೋಡಿನ್ ಉಪ್ಪು ತಿಂದು, ಹಾರ್ಮೋನನ್ನೇ ಗುಳಿಗೆಯಾಗಿ ನುಂಗುವವರಿಗೆ ಬೇಯಿಸಿದ ಕ್ಯಾಬೀಜಿನಿಂದ ಏನೂ ಆಗದು. ಈಚೆಗೆ ಮನೆಮನೆಗೆ ಸೈಂಧವ ಲವಣ ಬರುತ್ತಿದೆಯಲ್ಲ, ನನಗೆ ಚಿಂತೆ ಅದರದು. ಸಾಮಾನ್ಯವಾಗಿ ಅದಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ. ನಿಮಗಲ್ಲದಿದ್ದರೂ ಮನೆಯ ಮಕ್ಕಳಿಗೆ, ಬಸುರಿಯರಿಗೆ ಅದರ ಪೆಟ್ಟು ಬೀಳುತ್ತದೆ.

ಮೊಬೈಲಿನಲ್ಲಿ ಬರುವ ಕೊತ್ತಂಬರಿ ಬೀಜದ ನೀರಿನಿಂದ ಹಾನಿಯಿಲ್ಲ, ಸವೆದ ಗ್ರಂಥಿ ಮತ್ತೆ ಚಿಗುರುವುದೂ ಇಲ್ಲ. ಗುಳಿಗೆ ನುಂಗಿದ ಒಂದು ಗಂಟೆಯ ಒಳಗೆ ಅದನ್ನೂ ಕುಡಿಯಬೇಡಿ. ಗುಗ್ಗುಲು ಕೊಲೆಸ್ಟ್ರಾಲ್ ಇಳಿಸುತ್ತದೆ ಎಂಬ ನಂಬಿಕೆ ಹಳೆಯದು. ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ತಗೊಂಡವರ ಎಲ್‌ಡಿಎಲ್ ಇಳಿಯುವ ಬದಲು ತುಸು ಏರಿತ್ತು. ಯಾವುದೇ ಪುಡಿ, ಕಷಾಯ ತಗೊಳ್ಳುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ.

ತೂಕದ ಆಸೆಯ ಬಗ್ಗೆಯೂ ಒಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಬಹುಪಾಲು ನೀರು, ಉಪ್ಪಿನ ಭಾರ. ಗುಳಿಗೆ ಹೆಚ್ಚು ನುಂಗಿ ತೂಕ ಇಳಿಸುವ, ಕೊಲೆಸ್ಟ್ರಾಲ್ ಇಳಿಸುವ ಯೋಚನೆ ಬೇಡ. ಹೃದಯಾಘಾತವಾಗಿದ್ದವರ ಕೊಲೆಸ್ಟ್ರಾಲ್ ಇಳಿಸಲು ಥೈರಾಕ್ಸಿನ್ನಿನದೇ ಒಂದು ರೂಪವನ್ನು ಅಮೆರಿಕದ ‘ಕರೊನರಿ ಡ್ರಗ್ ಪ್ರಾಜೆಕ್ಟ್’ನಲ್ಲಿ ಕೊಟ್ಟು ನೋಡಿದ್ದರು. ಸಾವು ಹೆಚ್ಚುತ್ತಿರುವುದು ಕಂಡು 1970ರ ದಶಕದ ಆರಂಭದಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಟಿಎಸ್‌ಎಚ್ 6, 7 ಇದ್ದು ಫ್ರೀ ಟಿ4 ಸರಿಯಿದ್ದರೆ ನಿಮ್ಮ ಲೆಕ್ಕ ಬೇರೆ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಿಸಿ, ಎಷ್ಟೋ ಜನರಲ್ಲಿ ಅದು ತಾನಾಗಿ ಇಳಿದಿರುತ್ತದೆ. ಉಳಿದರೂ ಥೈರಾಯ್ಡ್ ಗುಳಿಗೆಯಿಂದ ಎಲ್‌ಡಿಎಲ್ ಇಳಿಯುವುದು ಹತ್ತರ ಆಸುಪಾಸು ಮಾತ್ರ. ಅಷ್ಟಕ್ಕಾಗಿ ಸ್ಟಾಟಿನ್ ಬೇಕಿರುವವರು ಸ್ಟಾಟಿನ್ ಮುಂದೂಡಬಾರದು. ಟಿಎಸ್‌ಎಚ್ 10 ದಾಟಿದರೆ ಸಾಮಾನ್ಯವಾಗಿ ಥೈರಾಯ್ಡ್ ಗುಳಿಗೆ ಶುರುಮಾಡುತ್ತಾರೆ. ಬಸುರಿಯಾಗಬೇಕೆಂದಿರುವವರು ಮಾತ್ರ ಸಣ್ಣ ಏರಿಕೆಯನ್ನೂ ಬೇಗ ತೋರಿಸಬೇಕು, ಸ್ಟಾಟಿನ್ ನುಂಗುತ್ತಿದ್ದರೆ ಮೊದಲೇ ಕೇಳಿ ನಿಲ್ಲಿಸಬೇಕು.

ಕೊನೆಯದು ನಿಮ್ಮ ಸೋಮವಾರ. ಬಿಡಬೇಡಿ. ಈ ಗುಳಿಗೆಗೆ ಬೇಕಿರುವುದೇ ಖಾಲಿ ಹೊಟ್ಟೆ, ಉಪವಾಸದ ದಿನ ಅದು ತಾನಾಗಿ ಸಿಕ್ಕಿರುತ್ತದೆ. ನಸುಕಿನಲ್ಲಿ ನೀರಿನೊಂದಿಗೆ ನುಂಗಿ, ಸ್ನಾನ, ಪೂಜೆ ಮುಗಿಸಿ, ಸಾಬುದಾಣಿ, ಹಾಲು, ಹಣ್ಣು ಒಂದು ಗಂಟೆ ಬಿಟ್ಟು ತಗೊಳ್ಳಿ. ನೀರನ್ನೂ ಮುಟ್ಟದ ಉಪವಾಸವಾದರೆ ಅವತ್ತಿನದನ್ನು ಮರುದಿನ ಬೆಳಿಗ್ಗೆ ಆ ದಿನದ ಗುಳಿಗೆಯ ಜೊತೆಗೇ ನುಂಗಬಹುದು. ಹೃದಯದ ತೊಂದರೆ ಇಲ್ಲದ ನಿಮಗೆ ಅದರಿಂದ ಅಪಾಯವಿಲ್ಲ. ಕಬ್ಬಿಣದ ಗುಳಿಗೆ ಬರೀ ಹೊಟ್ಟೆಗೆ ಹಿಂಸೆಯೆನಿಸಿದರೆ ಅದೊಂದನ್ನು ಮಾತ್ರ ಸೋಮವಾರ ಬಿಡಬಹುದು.